ಖಾಲಿ ಬಾಟಲಿಯಿಂದ ಗಾಜಿನ ಮಣಿ: ಬಿರುಕು ಬಿಡದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಬಾಟಲಿ ಗಾಜಿನಿಂದ ಮಣಿ ಮಾಡಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ. ಮಾಡಿದ ದಿನ ಮಣಿ ಚೆನ್ನಾಗಿಯೇ ಇತ್ತು, ವಾರ ಕಳೆದು ಡಬ್ಬಿ ತೆರೆದರೆ ಎರಡು ಹೋಳು. ಹೆಚ್ಚಿನವರು ತಪ್ಪನ್ನು ಬೆಂಕಿಯಲ್ಲಿ ಹುಡುಕುತ್ತಾರೆ: ಟಾರ್ಚ್ ಸಣ್ಣದಾಯಿತು, ಕೈ ಪಳಗಿಲ್ಲ, ಇನ್ನಷ್ಟು ಕಾಯಿಸಬೇಕಿತ್ತು. ತಪ್ಪು ಅಲ್ಲಿರುವುದು ಅಪರೂಪ. ಒಂದೋ ಬೆಂಕಿ ಹಚ್ಚುವ ಮೊದಲೇ ಬೇರೆ ಬೇರೆ ಬಾಟಲಿಯ ಚೂರು ಬೆರೆತಿರುತ್ತದೆ, ಇಲ್ಲವೇ ಬೆಂಕಿ ಆರಿಸಿದ ಮೇಲೆ ಮಣಿ ಬೇಗ ತಣಿದಿರುತ್ತದೆ. ಹಾಗಾಗಿ ಇಲ್ಲಿ ಮಣಿ ಸುತ್ತುವ ಭಾಗಕ್ಕಿಂತ ಅದರ ಹಿಂದುಮುಂದಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ವಿವರಿಸಿರುವುದು ಟಾರ್ಚ್ ಪದ್ಧತಿ: ಗಾಜನ್ನು ಜ್ವಾಲೆಯಲ್ಲಿ ಕರಗಿಸಿ, ಲೇಪ ಹಚ್ಚಿದ ಸ್ಟೀಲ್ ಸರಳಿನ ಮೇಲೆ ಸುತ್ತಿ, ಫರ್ನೇಸಿನಲ್ಲಿ ನಿಧಾನವಾಗಿ ತಣಿಸುವುದು. ಟಾರ್ಚ್ ಇಲ್ಲದೆ ಫರ್ನೇಸ್ ಮಾತ್ರ ಇರುವವರಿಗೆ ಕೊನೆಯಲ್ಲಿ ಒಂದು ದಾರಿ ಹೇಳಿದ್ದೇನೆ.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಫರ್ನೇಸ್. ಪಟ್ಟಿಯಲ್ಲಿ ಇದೇ ಮೊದಲು. ಫರ್ನೇಸ್ ಕೊಳ್ಳಲು ಹಣವಿಲ್ಲ ಎಂದಾದರೆ ಟಾರ್ಚನ್ನೂ ಸದ್ಯಕ್ಕೆ ಕೊಳ್ಳಬೇಡಿ. 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ, ತಾಪವನ್ನು ಗಂಟೆಗೆ ಇಷ್ಟೇ ಎಂದು ಇಳಿಸಬಲ್ಲ ಕಂಟ್ರೋಲರ್ ಇರುವ ಸಣ್ಣ ಮಫಲ್ ಫರ್ನೇಸ್ (ಮುಚ್ಚಿದ ಗೂಡಿನ ವಿದ್ಯುತ್ ಕುಲುಮೆ) ಸಾಕು. ಡೆಂಟಲ್ ಲ್ಯಾಬುಗಳು ಮಾರುವ ಹಳೆಯ ಬರ್ನ್‌ಔಟ್ ಫರ್ನೇಸ್ ಕೂಡ ಆಗುತ್ತದೆ. ಕಂಟ್ರೋಲರ್ ಹಳೆಯದಾಗಿದ್ದರೆ ಅದನ್ನಷ್ಟೇ ಬದಲಿಸಿದರಾಯಿತು.

ಟಾರ್ಚ್ ಮತ್ತು ಆಕ್ಸಿಜನ್. ಬಾಟಲಿ ಗಾಜು ಗಡಸು. ಬರೀ ಗ್ಯಾಸ್ ಮತ್ತು ಗಾಳಿಯ ಟಾರ್ಚಿನಲ್ಲಿ ಅದು ಕೆಂಪಗಾಗುತ್ತದೆ, ಆದರೆ ಹರಿಯುವಷ್ಟು ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮೇಲ್ಮೈ ಮಸುಕಾಗಿಬಿಡುತ್ತದೆ. ಎಲ್‌ಪಿಜಿ ಜೊತೆ ಆಕ್ಸಿಜನ್ ಕೂಡುವ, ಮೇಜಿಗೆ ಬಿಗಿಯುವ ಟಾರ್ಚ್ ಬೇಕು. ಕೋವಿಡ್ ಕಾಲದಲ್ಲಿ ಕೊಂಡು ಮೂಲೆಗೆ ಸೇರಿದ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಸಣ್ಣ ಟಾರ್ಚಿಗೆ ಸಾಲುತ್ತದೆ.

ಗ್ಯಾಸ್. ಅಡುಗೆಮನೆಯ ಗೃಹಬಳಕೆ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸಲು ಕಾನೂನು ಒಪ್ಪುವುದಿಲ್ಲ. 5 ಕೆಜಿಯ ಬಿಡಿ ಮಾರಾಟದ ಸಿಲಿಂಡರ್ ತನ್ನಿ. ಒತ್ತಡ ಹೊಂದಿಸಬಹುದಾದ ರೆಗ್ಯುಲೇಟರ್ ಮತ್ತು ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಜ್ವಾಲೆ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ) ಎರಡೂ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಆದ್ದರಿಂದ ನೆಲಮಾಳಿಗೆಯಲ್ಲಿ ಈ ಕೆಲಸ ಬೇಡ, ಸಿಲಿಂಡರ್ ಗೋಡೆಯ ಹೊರಗಿರಲಿ. ಆಕ್ಸಿಜನ್ ಜೋಡಣೆಗಳಿಗೆ ಎಣ್ಣೆಯಾಗಲಿ ಗ್ರೀಸಾಗಲಿ ತಾಗಬಾರದು, ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ.

ಸರಳುಗಳು. ಮಣಿಯ ತೂತು ಇವುಗಳಿಂದಲೇ ಬರುವುದು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಟಿಗ್ ಫಿಲ್ಲರ್ ರಾಡ್ ಕೇಳಿ. 1.6 ಮಿಲಿಮೀಟರ್ ದಪ್ಪದ್ದು ಸಣ್ಣ ಮಣಿಗೆ, 2.4ರದ್ದು ದೊಡ್ಡದಕ್ಕೆ. ಒಂದಡಿಯ ತುಂಡು ಮಾಡಿ, ತುದಿ ಅರದಿಂದ ಉಜ್ಜಿ. ಸತುವಿನ ಲೇಪವಿರುವ ಕಟ್ಟುತಂತಿ ಬಳಸಬೇಡಿ, ಕಾದರೆ ಬರುವ ಹೊಗೆ ಜ್ವರ ತರುತ್ತದೆ.

ಉಳಿದದ್ದು: ಗ್ರಾಫೈಟ್ ಅಥವಾ ಹಿತ್ತಾಳೆಯ ಚಪ್ಪಟೆ ಹಲಗೆ, ಉದ್ದ ಚಿಮುಟ, ಇಕ್ಕಳ, ಮತ್ತು ಡಿಡಿಮಿಯಂ ಕನ್ನಡಕ. ಕಾದ ಗಾಜಿನಲ್ಲಿರುವ ಸೋಡಿಯಂ ಕಣ್ಣು ಕೋರೈಸುವ ಹಳದಿ ಬೆಳಕು ಬಿಡುತ್ತದೆ. ಡಿಡಿಮಿಯಂ ಅದನ್ನು ಸೋಸುವುದರಿಂದ ಗಾಜಿನ ಅಂಚು ಕಾಣಿಸುತ್ತದೆ. ಮಾಮೂಲಿ ತಂಪು ಕನ್ನಡಕಕ್ಕೆ ಆ ಕೆಲಸ ಬರುವುದಿಲ್ಲ. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಮುಚ್ಚಿದ ಬೂಟು, ಕಟ್ಟಿದ ಕೂದಲು. ದುಪಟ್ಟಾ, ಜೋತಾಡುವ ಸೆರಗು ಬೇಡ. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಎದುರಿನ ಕಿಟಕಿ ತೆರೆದಿರಲಿ.

1. ಬಾಟಲಿ ಆರಿಸುವುದು

ಬಾಟಲಿ, ಜಾಮ್ ಜಾಡಿ, ಕಿಟಕಿ ಗಾಜು ಎಲ್ಲವೂ ಸೋಡಾ–ಸುಣ್ಣದ ಗಾಜೇ. ಆದರೂ ಒಂದು ಕಾರ್ಖಾನೆಯ ಪಾಕ ಇನ್ನೊಂದರದ್ದಲ್ಲ. ಕಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಸ್ವಲ್ಪ ಸ್ವಲ್ಪ ಬೇರೆ. ಆ ಸ್ವಲ್ಪವೇ ಮಣಿಯನ್ನು ಒಡೆಯುತ್ತದೆ. ಹೊಸಬರಿಗೆ ನನ್ನ ನಿಯಮ ಸರಳ: ಒಂದು ಮಣಿಗೆ ಒಂದೇ ಬಾಟಲಿ. ಗುಜರಿ ಅಂಗಡಿಯಿಂದ ಬಗೆಬಗೆಯ ಚೂರು ಮೂಟೆ ಕಟ್ಟಿ ತರುವುದು ಅಗ್ಗವೆನಿಸಬಹುದು, ಯಾವ ಚೂರು ಯಾವ ಬಾಟಲಿಯದ್ದೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಬಾಟಲಿಯಲ್ಲಿ ತಿಳಿ ಹಸಿರಾಗಿ ಕಾಣುವ ಗಾಜು ಸಣ್ಣ ಮಣಿಯಾದಾಗ ಬಹುತೇಕ ಬಣ್ಣವಿಲ್ಲದಂತಾಗುತ್ತದೆ. ಗಾಢ ಹಸಿರು, ಗಾಢ ನೀಲಿ ಆರಿಸಿ. ಕಂದು ಬಿಯರ್ ಬಾಟಲಿಯ ಬಣ್ಣ ಸೊಗಸು, ಆದರೆ ಅದು ಕಬ್ಬಿಣ ಮತ್ತು ಗಂಧಕದಿಂದ ಬಂದದ್ದು. ಹೆಚ್ಚು ಕಾಯಿಸಿದರೆ ಒಳಗೇ ಕುದಿದು ನೊರೆಯಾಗುತ್ತದೆ. ಮೊದಲ ಸಲಕ್ಕೆ ಹಸಿರು ಬಾಟಲಿಯೇ ಸುಖ.

ಮುಟ್ಟಬಾರದ್ದು: ಬೋರೋಸಿಲಿಕೇಟ್ ಪಾತ್ರೆ (ಹಿಗ್ಗುವ ಪ್ರಮಾಣ ಬಾಟಲಿ ಗಾಜಿನ ಅರ್ಧಕ್ಕೂ ಕಡಿಮೆ), ಹಳೆಯ ಟಿವಿ ಪರದೆ ಮತ್ತು ಕ್ರಿಸ್ಟಲ್ ಲೋಟ (ಸೀಸ), ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ (ಪಾದರಸ), ಕನ್ನಡಿ (ಹಿಂಬದಿಯ ಬಣ್ಣ), ಬಣ್ಣದ ಅಚ್ಚು ಇರುವ ಬಾಟಲಿ. ಅಜ್ಜನ ಕಾಲದ ಗೋಲಿ ಸೋಡಾ ಶೀಶೆ ಸಿಕ್ಕರೆ ದಯವಿಟ್ಟು ಒಡೆಯಬೇಡಿ. ಅದರಿಂದಾಗುವ ಮಣಿಗಿಂತ ಇಡೀ ಶೀಶೆಗೇ ಬೆಲೆ ಹೆಚ್ಚು.

2. ತೊಳೆದು, ಒಡೆದು, ಹೆಸರು ಬರೆಯುವುದು

ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಬಾಟಲಿಯನ್ನು ರಾತ್ರಿಯಿಡೀ ನೆನೆಸಿ. ಲೇಬಲ್ ಬಿಟ್ಟುಕೊಳ್ಳುತ್ತದೆ, ಅಂಟಿನ ಪಸೆಯನ್ನು ಮಾತ್ರ ಸ್ಪಿರಿಟ್ಟಿನಿಂದ ಒರೆಸಬೇಕು. ಒಂದಿಷ್ಟು ಅಂಟು ಉಳಿದರೂ ಮಣಿಯೊಳಗೆ ಬೂದು ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ.

ಒಣಗಿದ ಬಾಟಲಿಯನ್ನು ದಪ್ಪ ಗೋಣಿಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಿರಿ. ಟೈಲ್ಸ್ ಕತ್ತರಿಸುವ ನೀರು ಹಾಯುವ ಯಂತ್ರವಿದ್ದರೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿಕೊಳ್ಳಿ, ಕಡ್ಡಿ ಎಳೆಯಲು ಪಟ್ಟಿಯೇ ಸಲೀಸು. ಕಿರುಬೆರಳಿನ ಉದ್ದದ ಚೂರುಗಳನ್ನು ಆರಿಸಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ. ಪೊರಕೆಯಿಂದ ಗುಡಿಸಿದರೆ ಸಣ್ಣ ಧೂಳು ಗಾಳಿಗೇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಒಂದು ಬಾಟಲಿಯ ಚೂರು ಒಂದು ಡಬ್ಬಿಗೆ. ಡಬ್ಬಿಯ ಮೇಲೆ ಬಾಟಲಿಯ ಹೆಸರು ಬರೆಯಿರಿ. ಸೋಮಾರಿತನದಿಂದ ಬಿಡುವ ಹೆಜ್ಜೆ ಇದು.

3. ಸರಳಿಗೆ ಮಣ್ಣಿನ ಲೇಪ

ಕರಗಿದ ಗಾಜು ಬರೀ ಸ್ಟೀಲಿಗೆ ಹಿಡಿದರೆ ಬಿಡುವುದಿಲ್ಲ. ನಡುವೆ ಒಂದು ಪದರ ಬೇಕು. ಸಿದ್ಧ ಲೇಪ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಚೀನೀ ಜೇಡಿ (ಕೆಯೋಲಿನ್) ಮತ್ತು ಅಲ್ಯುಮಿನಾ ಹೈಡ್ರೇಟ್ ಸಮಪಾಲು ತೆಗೆದು ದೋಸೆ ಹಿಟ್ಟಿನ ಹದಕ್ಕೆ ನೀರಿನಲ್ಲಿ ಕಲಸಿ. ಕಲಸುವಾಗ ಮಾಸ್ಕ್ ಇರಲಿ.

ಸರಳನ್ನು ಸಾಬೂನಿನಿಂದ ತೊಳೆದು, ಮರಳು ಕಾಗದದಿಂದ ಸ್ವಲ್ಪ ಒರಟು ಮಾಡಿ. ನುಣುಪಿದ್ದರೆ ಲೇಪ ಹಿಡಿಯದು. ಆರು ಸೆಂಟಿಮೀಟರಿನಷ್ಟು ಅದ್ದಿ, ನೇರವಾಗಿ ಮೇಲೆತ್ತಿ, ಮರಳು ತುಂಬಿದ ಡಬ್ಬಿಯಲ್ಲಿ ನೆಟ್ಟು ಒಣಗಿಸಿ. ಮಳೆಗಾಲದಲ್ಲಿ ಒಂದು ರಾತ್ರಿ ಬಿಡುವುದು ಒಳ್ಳೆಯದು. ಹಸಿ ಲೇಪ ಜ್ವಾಲೆಗೆ ಹೋದರೆ ಒಳಗಿನ ನೀರು ಆವಿಯಾಗಿ ಪದರವನ್ನೇ ಹಾರಿಸುತ್ತದೆ.

ಎಚ್ಚರಿಕೆಯ ಗುರುತು: ಒಣಗಿದ ಲೇಪದಲ್ಲಿ ಕೂದಲೆಳೆ ಬಿರುಕು ಕಂಡರೆ ದಪ್ಪವಾಗಿದೆ ಎಂದರ್ಥ. ತೊಳೆದು ಮತ್ತೆ ಅದ್ದಿ. ತೇಪೆ ಹಚ್ಚಬೇಡಿ.

4. ಚೂರಿನಿಂದ ಕಡ್ಡಿ ಎಳೆಯುವುದು

ತಣ್ಣನೆಯ ಚೂರನ್ನು ನೇರ ಜ್ವಾಲೆಗೆ ಹಿಡಿದರೆ ಅದು ಪಟಾರನೆ ಸಿಡಿಯುತ್ತದೆ, ಸಿಡಿದ ತುಣುಕು ಮುಖಕ್ಕೂ ಬರುತ್ತದೆ. ಅದಕ್ಕೇ ಚೂರುಗಳನ್ನು ಫರ್ನೇಸಿನಲ್ಲಿ ಜೋಡಿಸಿ, ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು, ಎರಡು ಗಂಟೆಯಲ್ಲಿ 540 ಡಿಗ್ರಿಗೆ ಏರಿಸಿ.

ಈಗ ಟಾರ್ಚ್. ಹಚ್ಚುವಾಗ ಮೊದಲು ಗ್ಯಾಸ್, ಆಮೇಲೆ ಆಕ್ಸಿಜನ್. ಆರಿಸುವಾಗ ಮೊದಲು ಆಕ್ಸಿಜನ್, ಕೊನೆಗೆ ಗ್ಯಾಸ್. ಈ ಕ್ರಮವನ್ನು ಬರೆದು ಟಾರ್ಚಿನ ಎದುರಿನ ಗೋಡೆಗೆ ಅಂಟಿಸಿ.

ಲೇಪವಿಲ್ಲದ ಎರಡು ಸರಳು ತೆಗೆದುಕೊಳ್ಳಿ. ಒಂದರ ತುದಿಯನ್ನು ಕೆಂಪಗೆ ಕಾಯಿಸಿ, ಫರ್ನೇಸಿನಿಂದ ಚಿಮುಟದಲ್ಲಿ ತೆಗೆದ ಬಿಸಿ ಚೂರಿಗೆ ಅಂಟಿಸಿ. ಚೂರನ್ನು ಜ್ವಾಲೆಯ ಹೊರ ತುದಿಯಲ್ಲಿ ತಿರುಗಿಸುತ್ತ, ಉಂಡೆಯಾಗುವ ತನಕ ನಿಧಾನವಾಗಿ ಒಳಗೆ ತನ್ನಿ. ಎರಡನೇ ಸರಳನ್ನು ಉಂಡೆಯ ಇನ್ನೊಂದು ಬದಿಗೆ ಅಂಟಿಸಿ, ಇಡೀ ಉಂಡೆ ಕಿತ್ತಳೆ ಬಣ್ಣಕ್ಕೆ ಬಂದಾಗ ಜ್ವಾಲೆಯಿಂದ ಹೊರತೆಗೆಯಿರಿ. ಒಂದೆರಡು ಉಸಿರಿನಷ್ಟು ಹೊತ್ತು ಕಾದು, ಎಳೆಯಿರಿ. ಕಾಯದೆ ಎಳೆದವರಿಗೆ ಸಿಗುವುದು ನೂಲು. ಹೊರಮೈ ತುಸು ಬಿಗಿದ ಮೇಲೆ ಎಳೆದವರಿಗೆ 4–5 ಮಿಲಿಮೀಟರಿನ ಸಮನಾದ ಕಡ್ಡಿ.

ಜ್ವಾಲೆ ಹಳದಿಯಾಗಿದ್ದರೆ ಆಕ್ಸಿಜನ್ ಸಾಲದು, ಗಾಜಿಗೆ ಮಸಿ ಹಿಡಿಯುತ್ತದೆ. ಮೇಲ್ಮೈಯಲ್ಲಿ ಬಿಳಿ ಮಂಜು ಕಟ್ಟುತ್ತಿದ್ದರೆ ಗಾಜು ಹರಳುಗಟ್ಟುತ್ತಿದೆ. ಬಾಟಲಿ ಗಾಜಿಗೆ ಇದು ಹುಟ್ಟುಗುಣ: ಮಧ್ಯಮ ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಮಂಜು ಬರುತ್ತದೆ. ಪರಿಹಾರ ಹೆಚ್ಚು ಬಿಸಿ, ಕಡಿಮೆ ಹೊತ್ತು. ಹೊಸಬರು ಭಯದಿಂದ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ.

5. ಎರಡು ಬಣ್ಣ ಸೇರಿಸುವ ಆಸೆ ಇದ್ದರೆ: ನೂಲಿನ ಪರೀಕ್ಷೆ

ಹಸಿರಿನ ಮೇಲೆ ನೀಲಿ ಚುಕ್ಕೆ ಬೇಕೆನಿಸುವುದು ಸಹಜ. ಆ ಎರಡು ಗಾಜು ಹೊಂದುತ್ತವೆಯೇ ಎಂದು ಮೊದಲು ನೋಡಿ. ಎರಡೂ ಕಡ್ಡಿಯ ತುದಿಯನ್ನು ಪಕ್ಕಪಕ್ಕ ಬೆಸೆದು, ತಿರುಚದೆ, ಚೆನ್ನಾಗಿ ಕಾಯಿಸಿ ಉದ್ದ ನೂಲು ಎಳೆಯಿರಿ. ತಣಿದ ನೂಲು ನೆಟ್ಟಗೆ ನಿಂತರೆ ಜೋಡಿ ಹೊಂದುತ್ತದೆ. ಬಿಲ್ಲಿನಂತೆ ಬಾಗಿದರೆ ಒಳಬದಿಗೆ ಸಿಕ್ಕ ಗಾಜು ಹೆಚ್ಚು ಕುಗ್ಗಿದೆ, ಆ ಜೋಡಿ ಬೇಡ. ಕಾಯಿಸುವುದು ಒಂದೇ ಬದಿಗೆ ಹೆಚ್ಚಾದರೂ ನೂಲು ಬಾಗಬಹುದು, ಹಾಗಾಗಿ ಇನ್ನೊಮ್ಮೆ ಎಳೆದು ಖಚಿತ ಮಾಡಿಕೊಳ್ಳಿ.

ಮಣಿ ಮಾಡುವವರು ಬಳಸುವ ಇಟಲಿಯ ಬಣ್ಣದ ಗಾಜಿನ ಕಡ್ಡಿಗಳನ್ನು ಬಾಟಲಿ ಗಾಜಿನ ಮೇಲೆ ಹಚ್ಚಬೇಡಿ. ಅವುಗಳ ಹಿಗ್ಗುವಿಕೆಯ ಅಂಕ 104, ಬಾಟಲಿ ಗಾಜಿನದ್ದು 90ರ ಆಸುಪಾಸು. ಪರೀಕ್ಷೆ ಮಾಡುವ ಅಗತ್ಯವೂ ಇಲ್ಲ.

6. ಮಣಿ ಸುತ್ತುವುದು

ಫರ್ನೇಸ್ 540ರಲ್ಲೇ ಇರಲಿ, ಬಾಗಿಲ ಬಳಿ ಜಾಗ ಖಾಲಿ ಇರಲಿ. ಲೇಪದ ಸರಳನ್ನು ಎಡಗೈಯಲ್ಲಿ, ಗಾಜಿನ ಕಡ್ಡಿಯನ್ನು ಬಲಗೈಯಲ್ಲಿ ಹಿಡಿಯಿರಿ. ಕಡ್ಡಿಯ ತುದಿಯನ್ನು ಜ್ವಾಲೆಯಲ್ಲಿ ಆಗಾಗ ಆಡಿಸಿ ಬಿಸಿ ಮಾಡಿ, ಆಮೇಲೆ ಬಟಾಣಿ ಗಾತ್ರದ ಉಂಡೆಯಾಗುವ ತನಕ ಕಾಯಿಸಿ. ಅದೇ ಹೊತ್ತಿಗೆ ಸರಳನ್ನು ಜ್ವಾಲೆಯ ಹಿಂಬದಿಯಲ್ಲಿಟ್ಟು ಲೇಪ ಮಂದವಾಗಿ ಕೆಂಪಗೆ ಹೊಳೆಯುವಂತೆ ಮಾಡಿ. ತಣ್ಣನೆಯ ಲೇಪಕ್ಕೆ ಗಾಜು ಹಿಡಿಯುವುದಿಲ್ಲ, ಹಿಡಿದರೂ ಸುತ್ತುವಾಗ ಜಾರುತ್ತದೆ.

ಉಂಡೆಯನ್ನು ಸರಳಿಗೆ ತಾಗಿಸಿ, ಸರಳನ್ನು ನಿಮ್ಮಿಂದ ಆಚೆಗೆ ತಿರುಗಿಸಿ. ಗಾಜನ್ನು ಸರಳಿಗೆ ಒತ್ತಬೇಡಿ. ಸರಳು ತಿರುಗಿದಂತೆ ಅದು ತಾನಾಗಿ ಸುತ್ತಿಕೊಳ್ಳಲಿ. ಒಂದು ಸುತ್ತು ಮುಗಿದಾಗ ಕಡ್ಡಿಯನ್ನು ಜ್ವಾಲೆಯಲ್ಲೇ ಕರಗಿಸಿ ಬಿಡಿಸಿ. ಆಮೇಲಿನ ಕೆಲಸವೆಲ್ಲ ತಿರುಗಿಸುವುದೇ. ಸರಳು ನೆಲಕ್ಕೆ ಸಮನಾಗಿದ್ದು ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಗಾಜು ತಾನೇ ಗುಂಡಗಾಗುತ್ತದೆ. ಕೈ ನಿಂತಿತೋ, ಗಾಜು ಕೆಳಕ್ಕೆ ಜೋಲುತ್ತದೆ. ಕೊಳವೆಯಾಕಾರ ಬೇಕಿದ್ದರೆ ತುಸು ತಣಿದಾಗ ಗ್ರಾಫೈಟ್ ಹಲಗೆಯ ಮೇಲೆ ಹಗುರವಾಗಿ ಉರುಳಿಸಿ.

ತೂತಿನ ಅಂಚನ್ನು ಗಮನಿಸಿ. ಮೊದಲ ಸುತ್ತಿನ ಅಗಲಕ್ಕೆ ತಕ್ಕಷ್ಟು ಗಾಜು ಮೇಲೆ ಬಿದ್ದರೆ ಅಂಚು ಒಳಕ್ಕೆ ಕುಳಿಬಿದ್ದು ನಯವಾಗಿರುತ್ತದೆ. ಗಾಜು ಕಡಿಮೆಯಾದರೆ ಸರಳಿನುದ್ದಕ್ಕೆ ಚೂಪಾದ ನಾಲಿಗೆ ಉಳಿಯುತ್ತದೆ. ಆ ನಾಲಿಗೆ ದಾರ ಕೊಯ್ಯುತ್ತದೆ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಇನ್ನೊಂದು ಎಳೆ ಗಾಜು ಹಾಕಿ ಸರಿಪಡಿಸಿ. ಫರ್ನೇಸಿಗೆ ಹೋದ ಮೇಲೆ ಆಗದು.

ಮಣಿ ಸರಳಿನ ಮೇಲೆ ತನ್ನಷ್ಟಕ್ಕೆ ತಿರುಗತೊಡಗಿದರೆ ಲೇಪ ಒಡೆದಿದೆ. ಆಕಾರ ತಿದ್ದಲು ಹೋಗದೆ ಅಷ್ಟಕ್ಕೇ ಮುಗಿಸಿ.

7. ತಣಿಸುವುದು

ಗಾಜಿನ ಹೊರಮೈ ಮೊದಲು ಬಿಗಿಯುತ್ತದೆ, ಒಳಗು ಆಮೇಲೆ. ಆಮೇಲೆ ಕುಗ್ಗಲು ಹೊರಟ ಒಳಗನ್ನು ಬಿಗಿದ ಹೊರಮೈ ಬಿಡುವುದಿಲ್ಲ. ಈ ಎಳೆದಾಟ ಮಣಿಯೊಳಗೆ ಸೆರೆಯಾಗಿ ಉಳಿಯುತ್ತದೆ. ಒಂದು ಸಣ್ಣ ಗೀರು, ಸಣ್ಣ ಬಿಸಿತಂಪು ಸಾಕು, ವಾರದ ಮೇಲೂ ಮಣಿ ಸೀಳುತ್ತದೆ. ಅನೀಲಿಂಗ್ ಎಂದರೆ ಆ ಎಳೆದಾಟ ಸಡಿಲಗೊಳ್ಳುವ ತಾಪದಲ್ಲಿ ಮಣಿಯನ್ನು ಇಟ್ಟು, ಮತ್ತೆ ಹುಟ್ಟದಷ್ಟು ನಿಧಾನವಾಗಿ ಇಳಿಸುವುದು.

ಮಣಿ ಸಿದ್ಧವಾದಾಗ ಜ್ವಾಲೆಯಿಂದ ಹೊರಗೆ ಹಿಡಿದು ತಿರುಗಿಸುತ್ತಿರಿ. ಕೆಂಪು ಹೊಳಪು ಮಾಯವಾದ ಕೂಡಲೇ ಒಮ್ಮೆ ಜ್ವಾಲೆಯ ತುದಿಯಲ್ಲಿ ಆಡಿಸಿ, ನೇರ ಫರ್ನೇಸಿಗೆ ಹಾಕಿ. ಹೊಳೆಯುತ್ತಿರುವಾಗಲೇ ಹಾಕಿದರೆ ಮಣಿ ಚಪ್ಪಟೆಯಾಗುತ್ತದೆ ಅಥವಾ ಪಕ್ಕದ್ದಕ್ಕೆ ಅಂಟುತ್ತದೆ. ಹೊರಗೆ ಹಿಡಿದು ಅಂದ ನೋಡುತ್ತ ನಿಂತರೆ ‘ಟಿಕ್’ ಎಂಬ ಸದ್ದು ಕೇಳಿಸುತ್ತದೆ, ಆ ಮಣಿ ಮುಗಿಯಿತು.

ಕೊನೆಯ ಮಣಿ ಒಳಗೆ ಹೋದ ಮೇಲೆ:

• 550 ಡಿಗ್ರಿಯಲ್ಲಿ 45 ನಿಮಿಷ. ಮಣಿ 12 ಮಿಲಿಮೀಟರಿಗಿಂತ ದಪ್ಪವಿದ್ದರೆ ಒಂದೂವರೆ ಗಂಟೆ.
• ಅಲ್ಲಿಂದ 430ರ ತನಕ ಗಂಟೆಗೆ 60 ಡಿಗ್ರಿಯಂತೆ ಇಳಿಕೆ.
• ಆಮೇಲೆ ಸ್ವಿಚ್ ಆಫ್. ಬಾಗಿಲು ಮಾರನೆಯ ದಿನಕ್ಕೆ.

ಬಿಸಿ ಮರಳಿನಲ್ಲಿ, ಬೂದಿಯಲ್ಲಿ, ವರ್ಮಿಕ್ಯುಲೈಟಿನಲ್ಲಿ (ಬಿಸಿ ತಡೆಯುವ ಹಗುರ ಖನಿಜ) ಹೂತಿಟ್ಟರೆ ಸಾಕೆಂದು ಅನೇಕರು ಹೇಳುತ್ತಾರೆ. ಸಾಲದು. ಅದು ಮಣಿಯನ್ನು ಸ್ವಲ್ಪ ನಿಧಾನವಾಗಿ ತಣಿಸುತ್ತದೆ, ಎಳೆದಾಟ ಹಾಗೇ ಉಳಿಯುತ್ತದೆ. ಹಾಗೆ ತಣಿದು ಉಳಿದುಕೊಂಡ ಸಣ್ಣ ಮಣಿಗಳನ್ನು ಆಮೇಲೆ ತಣ್ಣನೆಯ ಫರ್ನೇಸಿನಲ್ಲಿಟ್ಟು, ನಿಧಾನವಾಗಿ 550ಕ್ಕೆ ಏರಿಸಿ, ಇದೇ ಕ್ರಮದಲ್ಲಿ ಇಳಿಸಿದರೆ ಸರಿಹೋಗುತ್ತವೆ.

ನಡುವೆ ಕರೆಂಟ್ ಹೋದರೆ? ನಮ್ಮಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಬಾಗಿಲು ತೆರೆದು ಇಣುಕಬೇಡಿ. ಒಳಗಿನ ಇಟ್ಟಿಗೆಯ ಬಿಸಿ ಮಣಿಗಳನ್ನು ಒಂದಷ್ಟು ಕಾಪಾಡುತ್ತದೆ. ಕರೆಂಟ್ ಬಂದ ಮೇಲೆ ಕಂಟ್ರೋಲರ್ ತಾನಾಗಿ ಮುಂದುವರಿಸಿದೆ ಎಂದು ನಂಬದೆ, 550ರಿಂದ ಮತ್ತೆ ಶುರು ಮಾಡಿ. ಎರಡು ಸಲ ಅನೀಲಿಂಗ್ ಆದರೆ ಮಣಿಗೆ ನಷ್ಟವಿಲ್ಲ.

8. ಸರಳಿನಿಂದ ಬಿಡಿಸುವುದು

ಸರಳಿನ ಸಮೇತ ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ಸರಳನ್ನು ಇಕ್ಕಳದಲ್ಲಿ ಬಿಗಿಹಿಡಿದು, ಮಣಿಯನ್ನು ರಬ್ಬರ್ ತುಂಡಿನಲ್ಲಿ ಹಿಡಿದು ತಿರುಚಿ. ಹಟ ಮಾಡಿದರೆ ಇನ್ನೂ ನೆನೆಸಿ, ಸುತ್ತಿಗೆಯಿಂದ ತಟ್ಟಬೇಡಿ. ತೂತಿನೊಳಗೆ ಉಳಿದ ಬಿಳಿ ಲೇಪವನ್ನು ವಜ್ರದ ಪುಡಿಯ ಸೂಜಿ ಅರದಿಂದ, ನೀರಿನಲ್ಲಿ ಮುಳುಗಿಸಿಯೇ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಆ ಧೂಳು ಮೂಗಿಗೆ. ತೆಳು ಗಾಜಿನ ಮಣಿಯಲ್ಲಿ ಉಳಿದ ಲೇಪ ಹೊರಗಿಂದಲೂ ಬೂದು ಗೆರೆಯಾಗಿ ಕಾಣುತ್ತದೆ, ಆದ್ದರಿಂದ ಇದನ್ನು ಅವಸರದಲ್ಲಿ ಮಾಡಬೇಡಿ.

9. ಮಾರುವ, ಕೊಡುವ ಮುನ್ನ ಪರೀಕ್ಷೆ

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ತಂಪು ಕನ್ನಡಕವನ್ನು ಅದರ ಮುಂದೆ ತಿರುಗಿಸುತ್ತ ಪರದೆ ಕಪ್ಪಾಗುವ ಕೋನ ಹುಡುಕಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಮಣಿ ಹಿಡಿಯಿರಿ. ಒಳಗೆ ಎಳೆದಾಟ ಉಳಿದಿದ್ದರೆ ತೂತಿನ ಸುತ್ತ ಬೆಳ್ಳನೆಯ ತೇಪೆಗಳು ಹೊಳೆಯುತ್ತವೆ. ಪಾರದರ್ಶಕ ಮಣಿಯಲ್ಲಿ ಮಾತ್ರ ಇದು ಕಾಣುವುದು. ಹೊಳೆದರೆ ಆ ಸಲದ ಮಣಿಗಳನ್ನೆಲ್ಲ ಮತ್ತೆ ಅನೀಲಿಂಗ್ ಮಾಡಿ. ಖರ್ಚಿಲ್ಲದ ಈ ಪರೀಕ್ಷೆ ಮಾಡುವವರು ಕಡಿಮೆ ಎನ್ನುವುದು ನನಗೆ ಸೋಜಿಗ.

ಬಿರುಕು ಬಿಟ್ಟಿತೇ? ಎಲ್ಲಿ ಬಿಟ್ಟಿದೆ ನೋಡಿ

ಚುಕ್ಕೆಯ ಅಥವಾ ಗೆರೆಯ ಅಂಚನ್ನೇ ಹಿಡಿದು ಬಿರುಕು ಹೋಗಿದ್ದರೆ ಎರಡು ಗಾಜು ಹೊಂದಿಲ್ಲ. 5ನೇ ಹಂತಕ್ಕೆ ಮರಳಿ. ಮಣಿ ನಡುವೆ ಸ್ವಚ್ಛವಾಗಿ ಎರಡಾಗಿದ್ದರೆ ತಣಿಸುವಿಕೆ ಕೆಟ್ಟಿದೆ. ತೂತಿನ ಬಾಯಲ್ಲಿ ಚಕ್ಕೆ ಎದ್ದಿದ್ದರೆ ಚೂಪು ನಾಲಿಗೆ ಉಳಿದಿತ್ತು. ಏನು ಮಾಡಿದರೂ ಎಲ್ಲ ಮಣಿಗಳೂ ಒಡೆಯುತ್ತಿದ್ದರೆ ಫರ್ನೇಸಿನ ಥರ್ಮೋಕಪಲ್ (ಒಳಗಿನ ತಾಪ ಅಳೆಯುವ ತಂತಿ) ಸುಳ್ಳು ಹೇಳುತ್ತಿರಬಹುದು: ಪರದೆ 550 ತೋರಿಸಿದರೂ ಒಳಗೆ 500 ಇದ್ದರೆ ಮೇಲೆ ಹೇಳಿದಷ್ಟು ಹೊತ್ತಿನಲ್ಲಿ ಎಳೆದಾಟ ಸಡಿಲಾಗದು. ಇನ್ನೊಂದು ಥರ್ಮೋಕಪಲ್ ತೂರಿಸಿ ಹೋಲಿಸಿ ನೋಡಿ.

ಟಾರ್ಚ್ ಇಲ್ಲದವರಿಗೆ

ಘಾನಾದ ಕ್ರೋಬೊ ಜನ ಬಾಟಲಿ ಗಾಜನ್ನು ಕುಟ್ಟಿ ಪುಡಿ ಮಾಡಿ, ಜೇಡಿಮಣ್ಣಿನ ಅಚ್ಚಿನ ಕುಳಿಗಳಲ್ಲಿ ತುಂಬುತ್ತಾರೆ. ಕುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ನೆಡುತ್ತಾರೆ. ಸುಡುವಾಗ ತೊಟ್ಟು ಉರಿದುಹೋಗಿ ತೂತು ಉಳಿಯುತ್ತದೆ. ಮರಗೆಣಸು ನಮ್ಮಲ್ಲೂ ಬೆಳೆಯುವುದರಿಂದ ಇದನ್ನು ಮಾಡಿ ನೋಡಬಹುದು. ಪುಡಿ ಒಂದೇ ಬಾಟಲಿಯದ್ದಾಗಿರಲಿ, ಕುಟ್ಟುವಾಗ ನೀರು ಚಿಮುಕಿಸಿ, ಎನ್95 ಮಾಸ್ಕ್ ತೆಗೆಯಬೇಡಿ. ಅಚ್ಚಿನ ಒಳಮೈಗೆ ಕೆಯೋಲಿನ್ ಬಳಿದಿರಬೇಕು. 800 ಡಿಗ್ರಿಯ ಆಸುಪಾಸಿನಲ್ಲಿ ಪುಡಿ ಬೆಸೆದುಕೊಳ್ಳುತ್ತದೆ, ಹಾಗಾಗಿ ಅಷ್ಟು ತಾಪ ಮುಟ್ಟುವ ಫರ್ನೇಸ್ ಬೇಕು. ತೊಟ್ಟು ಉರಿಯುವಾಗ ಹೊಗೆ ಬರುತ್ತದೆ, ಕಿಟಕಿ ತೆರೆದಿಡಿ. ಬೆಸೆದ ಮೇಲೆ 7ನೇ ಹಂತದ ಇಳಿಕೆಯನ್ನೇ ಪಾಲಿಸಿ. ಮಣಿಯ ಮೈ ಒರಟಾಗಿರುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜಿದರೆ ನಯವಾಗುತ್ತದೆ.

ಪೋಣಿಸುವಾಗ

ಗಾಜಿಗೆ ಗಾಜು ಉಜ್ಜಿದರೆ ಗೀರು ಬೀಳುತ್ತದೆ. ಎರಡು ಮಣಿಗಳ ನಡುವೆ ಒಂದು ಗಂಟು ಹಾಕಿ ಅಥವಾ ಸಣ್ಣ ಮರದ ಮಣಿ ಸೇರಿಸಿ. ಹತ್ತಿ ದಾರಕ್ಕಿಂತ ಮೇಣ ಸವರಿದ ನೈಲಾನ್ ದಾರ ಒಳ್ಳೆಯದು. 1.6 ಮಿಲಿಮೀಟರ್ ತೂತಿಗೆ ಒಂದು ಮಿಲಿಮೀಟರಿನ ದಾರ ಸಲೀಸಾಗಿ ಹೋಗುತ್ತದೆ. ಲೋಹದ ತಂತಿಯಲ್ಲಿ ಪೋಣಿಸುವುದಾದರೆ ಕೊನೆಯ ಕುಣಿಕೆಯನ್ನು ಮಣಿಗೆ ಒತ್ತಿ ಬಿಗಿಯಬೇಡಿ, ಕೂದಲೆಳೆಯಷ್ಟು ಸಡಿಲ ಬಿಡಿ.